ಜಯದೇವ ಹೃದ್ರೋಗ ಆಸ್ಪತ್ರೆ: ಯಾವ ಚಿಕಿತ್ಸೆ, ಯಾರಿಗೆ, ಹೇಗೆ?

ಹೃದ್ರೋಗವೆಂದರೆ ಸಿರಿವಂತರ ಕಾಯಿಲೆ ಎಂಬ ಮಾತು ಒಂದು ಕಾಲಕ್ಕೆ ರೂಢಿಯಲ್ಲಿತ್ತು. ಬೆಂಗಳೂರಿನ ಜಯದೇವ ಆಸ್ಪತ್ರೆಯ ಹೊರರೋಗಿ ವಿಭಾಗದ ಮುಂದಿನ ಸಾಲನ್ನು ಕಂಡವರು ಆ ಮಾತನ್ನು ಒಪ್ಪಲಾರರು. ಕೂಲಿಕಾರರು, ರೈತರು, ಆಟೊ ಚಾಲಕರು, ಎಳೆಯ ಮಕ್ಕಳನ್ನು ಹೊತ್ತ ತಾಯಂದಿರು ಅಲ್ಲಿರುತ್ತಾರೆ.

ಹಿನ್ನೆಲೆ

ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯು ರಾಜ್ಯ ಸರ್ಕಾರದ ಸ್ವಾಯತ್ತ ಸಂಸ್ಥೆ. ಚಿತ್ರದುರ್ಗ ಮುರುಘಾಮಠದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮೀಜಿಯವರ ಹೆಸರನ್ನು ಹೊತ್ತ ಇದು ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಆರಂಭವಾಗಿ, ನಂತರ ಬನ್ನೇರುಘಟ್ಟ ರಸ್ತೆಗೆ ಸ್ಥಳಾಂತರಗೊಂಡಿತು. ಮೈಸೂರು ಮತ್ತು ಕಲಬುರಗಿಯಲ್ಲಿ ಶಾಖೆಗಳಿವೆ. ಕಲಬುರಗಿಯ 371 ಹಾಸಿಗೆಗಳ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. 2025ರ ಆಗಸ್ಟ್‌ನಿಂದ ಬೆಂಗಳೂರು ಆಸ್ಪತ್ರೆಗೆ ಮೆಟ್ರೊ ಹಳದಿ ಮಾರ್ಗದ ಸಂಪರ್ಕವೂ ದೊರೆತಿದೆ.

ಚಿಕಿತ್ಸೆಗಳು

* ಆಂಜಿಯೊಪ್ಲಾಸ್ಟಿ: ಮಣಿಕಟ್ಟು ಅಥವಾ ತೊಡೆಸಂದಿನ ರಕ್ತನಾಳದ ಮೂಲಕ ಸಣ್ಣ ಕೊಳವೆ ತೂರಿಸಿ, ಬಲೂನಿನಿಂದ ಅಡಚಣೆ ತೆರವುಗೊಳಿಸಿ ಸ್ಟೆಂಟ್ ಅಳವಡಿಸಲಾಗುತ್ತದೆ.

* ಬೈಪಾಸ್: ಹಲವು ನಾಳಗಳು ಕಟ್ಟಿಕೊಂಡಾಗ ಎದೆಯ ಅಪಧಮನಿ ಅಥವಾ ಕಾಲಿನ ಅಭಿಧಮನಿಯನ್ನು ಜೋಡಿಸಿ ರಕ್ತಕ್ಕೆ ಬದಲಿ ದಾರಿ ನಿರ್ಮಿಸಲಾಗುತ್ತದೆ.

* ಕವಾಟ ಚಿಕಿತ್ಸೆ: ಬಾಲ್ಯದ ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾಗಿದ್ದರೆ, ಸೂಕ್ತ ರೋಗಿಗಳಲ್ಲಿ ಎದೆ ತೆರೆಯದೆಯೇ ಬಲೂನಿನಿಂದ ಹಿಗ್ಗಿಸಬಹುದು. ಪೂರ್ಣ ಹಾಳಾಗಿದ್ದರೆ ಕೃತಕ ಕವಾಟ ಅನಿವಾರ್ಯ. ಲೋಹದ ಕವಾಟ ಪಡೆದವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪರ್ಯಂತ ಸೇವಿಸಬೇಕು.

* ಇತರೆ: ಮಕ್ಕಳ ಹುಟ್ಟು ಹೃದಯದೋಷಗಳ ಚಿಕಿತ್ಸೆ, ಪೇಸ್‌ಮೇಕರ್ ಅಳವಡಿಕೆ.

ವೆಚ್ಚ

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವು ಲಭ್ಯ. ಎಪಿಎಲ್ ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ ಗರಿಷ್ಠ 1.5 ಲಕ್ಷ ರೂ. ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಪಡಿತರ ಚೀಟಿ, ಆಧಾರ್ ಮತ್ತು ಹಳೆಯ ವರದಿಗಳು ಜತೆಯಲ್ಲಿರಲಿ. ತುರ್ತು ಸ್ಥಿತಿಯಲ್ಲಿ ಕಾಗದಪತ್ರಕ್ಕಾಗಿ ಕಾಯುವುದು ಬೇಡ.

ಹತ್ತಿರದ ಆಸ್ಪತ್ರೆಯೇ ಮೊದಲು

2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿಯಿಂದ ಆತಂಕಗೊಂಡ ಜನ ತಪಾಸಣೆಗಾಗಿ ಜಯದೇವಕ್ಕೆ ಮುಗಿಬಿದ್ದರು. ಆದರೆ ಪ್ರಾಥಮಿಕ ತಪಾಸಣೆಯಾದ ಇಸಿಜಿ ತಾಲ್ಲೂಕು ಆಸ್ಪತ್ರೆಯಲ್ಲೂ ಲಭ್ಯ.

ಎದೆನೋವು ಕಾಣಿಸಿಕೊಂಡಾಗಲಂತೂ ದೂರದ ಊರಿನಿಂದ ನೇರವಾಗಿ ಬೆಂಗಳೂರಿಗೆ ಹೊರಡುವುದು ಅಪಾಯಕಾರಿ. ನಾಳ ಕಟ್ಟಿಕೊಂಡ ಪ್ರತಿ ನಿಮಿಷವೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಎರಡು ಗಂಟೆಯೊಳಗೆ ಆಂಜಿಯೊಪ್ಲಾಸ್ಟಿ ಸಾಧ್ಯವಿಲ್ಲದಿದ್ದರೆ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅರ್ಹ ರೋಗಿಗಳಿಗೆ ಕೂಡಲೇ ನೀಡಬೇಕಾಗುತ್ತದೆ. ಈ ಉದ್ದೇಶದಿಂದಲೇ 2021ರಲ್ಲಿ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ ಜಾರಿಗೆ ಬಂದಿತು. ಇದರಡಿ ಆಯ್ದ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ. ನಂತರ ರೋಗಿಯನ್ನು ಜಯದೇವದಂತಹ ದೊಡ್ಡ ಆಸ್ಪತ್ರೆಗೆ ಕಳುಹಿಸಲಾಗುತ್ತದೆ.

ಎದೆ ಬಿಗಿತ, ಎಡತೋಳು ಅಥವಾ ದವಡೆಗೆ ಹರಡುವ ನೋವು, ಬೆವರು, ಉಸಿರುಕಟ್ಟುವಿಕೆ ಕಂಡುಬಂದರೆ ‘ಗ್ಯಾಸ್ಟ್ರಿಕ್’ ಎಂದು ಕಡೆಗಣಿಸದೆ 108ಕ್ಕೆ ಕರೆ ಮಾಡಿ. ದೊಡ್ಡ ಆಸ್ಪತ್ರೆಯ ಹೆಸರಿಗಿಂತ ಮೊದಲ ಗಂಟೆ ದೊಡ್ಡದು.