ಸಾವಿರ ಅಕ್ಷರದ ಪುಸ್ತಕ

ಅಕ್ಷರಮಾಲೆಯನ್ನೂ ಕಾಗುಣಿತವನ್ನೂ ಕಲಿತ ನಮ್ಮ ಹುಡುಗ, ಅರ್ಥವಾಗಲಿ ಬಿಡಲಿ, ಪಂಪನನ್ನೂ ತಡವರಿಸುತ್ತ ಓದಿಯಾನು. ಚೀನದ ಹುಡುಗನಿಗೆ ಆ ಭಾಗ್ಯವಿಲ್ಲ. ಅಲ್ಲಿ ವೃತ್ತಪತ್ರಿಕೆ ಓದಬೇಕಾದರೆ ಎರಡು ಮೂರು ಸಾವಿರ ಲಿಪಿಚಿಹ್ನೆಗಳ ಪರಿಚಯ ಬೇಕು.

ಆರನೆಯ ಶತಮಾನದಲ್ಲಿ ಲಿಯಾಂಗ್ ವಂಶದ ವೂ ಚಕ್ರವರ್ತಿಯು ಸಾವಿರ ಚಿಹ್ನೆಗಳನ್ನು ಕೊಟ್ಟು, ಇವನ್ನು ಪದ್ಯವಾಗಿ ಹೊಸೆ ಎಂದು ಚೌ ಶಿಂಗ್‌ಸು ಎಂಬ ಪಂಡಿತನಿಗೆ ಅಪ್ಪಣೆ ಮಾಡಿದನಂತೆ. ಪಂಡಿತನು ಒಂದೇ ರಾತ್ರಿಯಲ್ಲಿ ಮುಗಿಸಿದನು. ಬೆಳಗಾಗುವಷ್ಟರಲ್ಲಿ ಅವನ ತಲೆ ಪೂರಾ ನರೆತಿತ್ತೆಂದು ಐತಿಹ್ಯ. ನಾಲ್ಕು ನಾಲ್ಕು ಚಿಹ್ನೆಗಳ 250 ಸಾಲು. ಬಂದದ್ದು ಮತ್ತೆ ಬರುವಂತಿಲ್ಲ. ನಮ್ಮವರು ಅಮರಕೋಶವನ್ನು ಮಾಡಿದಂತೆ, ಅಲ್ಲಿಯ ಮಕ್ಕಳು ಶತಮಾನಗಳ ಕಾಲ ಇದನ್ನು ಉರುಹೊಡೆದರು. ಪವಾಡವೇನೋ ಹೌದು. ಆದರೆ ಪಾಠ ಹೇಳಿ ಬದುಕುವ ನನ್ನಂಥವನಿಗೆ ಆ ಪವಾಡವೇ ದೋಷವಾಗಿ ಕಾಣುತ್ತದೆ. ಒಮ್ಮೆ ಕಂಡದ್ದನ್ನು ಮತ್ತೆ ಮತ್ತೆ ಕಾಣದೆ ಕಲಿಯುವವನಿಗೆ ಅದು ಹತ್ತುವುದಾದರೂ ಹೇಗೆ?

1918ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪದವಿ ಪಡೆದ ಜೇಮ್ಸ್ ಯೆನ್ ಅವರು ಫ್ರಾನ್ಸಿಗೆ ಹೋದರು. ಮಹಾಯುದ್ಧದ ಕೆಲಸಕ್ಕೆಂದು ಸುಮಾರು 1,40,000 ಚೀನೀ ಕೂಲಿಗಳನ್ನು ಯೂರೋಪಿಗೆ ತಂದಿದ್ದರು. ದುಡಿದು ದಣಿದವರು ರಾತ್ರಿ ಯೆನ್ ಅವರ ಬಳಿಗೆ ಬಂದು ಮನೆಗೆ ಕಾಗದ ಬರೆಸುತ್ತಿದ್ದರು. ಎಷ್ಟೆಂದು ಬರೆದಾರು? ದಿನಬಳಕೆಯ ಚಿಹ್ನೆಗಳನ್ನಷ್ಟೇ ಆರಿಸಿ ಅವರಿಗೇ ಕಲಿಸತೊಡಗಿದರು. 1919ರಲ್ಲಿ ಅವರಿಗಾಗಿ ಒಂದು ವಾರಪತ್ರಿಕೆಯನ್ನೂ ಹೊರಡಿಸಿದರು. ಪತ್ರಿಕೆ ನಿಂತೀತೆಂದು ಹೆದರಿದ ಕೂಲಿಯೊಬ್ಬ ತಾನು ಕೂಡಿಟ್ಟ 365 ಫ್ರಾಂಕುಗಳನ್ನು ಕಳುಹಿಸಿಕೊಟ್ಟನೆಂದು ಯೆನ್ ಮುಂದೆ ಹೇಳುತ್ತಿದ್ದರು. ಅಂಥ ಚಂದಾದಾರ ಯಾವ ಸಂಪಾದಕನಿಗೆ ದೊರೆತಾನು!

ಊರಿಗೆ ಮರಳಿದ ಮೇಲೆ, 1922ರಲ್ಲಿ, ಚಾಂಗ್‌ಶಾ ನಗರದಲ್ಲಿ ಇದೇ ಕೆಲಸ ದೊಡ್ಡದಾಗಿ ನಡೆಯಿತು: ಸಾವಿರ ಚಿಹ್ನೆ, ನಾಲ್ಕು ತಿಂಗಳು. ಆದರೆ ಸಾವಿರ ಕಲಿತವನು ಮುಂದೆ ಓದುವುದೇನನ್ನು? ಅಂಗಡಿಯ ಪುಸ್ತಕಗಳೆಲ್ಲ ಮೂರು ಸಾವಿರ ಬಲ್ಲವರಿಗೆ. ಓದಲು ಏನೂ ಇಲ್ಲದಿದ್ದರೆ ಕಲಿತದ್ದೂ ಕೈಬಿಡುತ್ತದೆ. ಆದುದರಿಂದ ಯೆನ್ ಅವರ ಸಂಸ್ಥೆ ಟಿಂಗ್‌ಶಿಯೆನ್ ಎಂಬ ಹಳ್ಳಿಗಾಡಿನಲ್ಲಿ ನೆಲೆನಿಂತು, ಆ ಚಿಹ್ನೆಗಳ ಮಿತಿಯೊಳಗೇ ಕಿರುಹೊತ್ತಗೆಗಳನ್ನು ಬರೆಸಿತು. ಆ ಕೆಲಸಕ್ಕೆ ಬಂದವರಲ್ಲಿ ಸುನ್ ಫುಯುವಾನ್ ಒಬ್ಬರು. ಲು ಶುನ್‌ರ ಪ್ರಸಿದ್ಧವಾದ 'ಆ ಕ್ಯೂ' ಕಥೆಯನ್ನು 1921ರಲ್ಲಿ ಬೀಜಿಂಗಿನ ದಿನಪತ್ರಿಕೆಯೊಂದರ ಪುರವಣಿಯಲ್ಲಿ ಅಚ್ಚುಹಾಕತೊಡಗಿದವರು ಇವರೇ. ಪಂಡಿತರಿಗೆ ಪುರವಣಿ ಹೊರಡಿಸಿದ ಕೈ ರೈತನಿಗೆ ಬೇಕಾದ ಸಾಲನ್ನು ತಿದ್ದಲು ಒಪ್ಪಿತೆಂಬುದು ಸಣ್ಣ ಮಾತಲ್ಲ.

ಪರದೇಶದವರ ಸರದಿ ಆಮೇಲಿನದು. 1966ರಲ್ಲಿ ಜಾನ್ ಡಿಫ್ರಾನ್ಸಿಸ್ ಎಂಬ ಅಮೆರಿಕನ್ ವಿದ್ವಾಂಸರು ಚೀನೀ ಕಲಿಯುವವರಿಗೆ ಮೊದಲ ಓದುಪುಸ್ತಕವನ್ನು ಪ್ರಕಟಿಸಿದರು. ಕಲಿಸಿದ ಚಿಹ್ನೆಗಳು ಬರಿಯ 400. ಅಷ್ಟರಿಂದಲೇ ಕಟ್ಟಿದ ಪಾಠಗಳಲ್ಲಿ ಬರುವ ಚಿಹ್ನೆಗಳನ್ನು ಎಣಿಸಿದರೆ ಲಕ್ಷಕ್ಕೂ ಮಿಕ್ಕುತ್ತವೆ.