ಉಂಡುದರ ಲೆಕ್ಕ

ಧಾರವಾಡ ಸೀಮೆಯ ಎರೆಹೊಲದ ಒಕ್ಕಲು ಮನೆತನದ ಯಜಮಾನನನ್ನು, ಈ ವರ್ಷ ಮನೆಗೆ ಎಷ್ಟು ಜೋಳ ಬೇಕಾದೀತೆಂದು ಕೇಳಿದರೆ, ಅವನು ಚೀಲದ ಲೆಕ್ಕದಲ್ಲಿ ತಡವರಿಸದೆ ಉತ್ತರ ಕೊಡಬಲ್ಲನು. ನಿನ್ನೆ ನೀನೊಬ್ಬನೇ ಉಂಡುದೆಷ್ಟೆಂದು ಕೇಳಿದರೆ ಕೇಳಿದವನ ಮುಖವನ್ನೇ ಒಂದು ಗಳಿಗೆ ನೋಡುವನು. ಮೊದಲನೆಯದು ಮನೆತನವನ್ನು ಕುರಿತ ಪ್ರಶ್ನೆ, ಎರಡನೆಯದು ವ್ಯಕ್ತಿಯನ್ನು ಕುರಿತದ್ದು. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಹಳ್ಳಿಗಳಲ್ಲಿ ಈ ಎರಡನೆಯ ಪ್ರಶ್ನೆಯನ್ನು ಕೇಳಬೇಕೆಂಬುದು ಯಾರಿಗಾದರೂ ತೋಚಲು ಬಹುಕಾಲ ಹಿಡಿಯಿತು. ತೋಚಿದ ಮೇಲೂ ಅದನ್ನು ಯಾರಿಗೆ ಕೇಳಬೇಕೆಂಬುದು ಸುಲಭದಲ್ಲಿ ಇತ್ಯರ್ಥವಾಗಲಿಲ್ಲ.

ಅಳತೆಯೇನೋ ಈ ನೆಲಕ್ಕೆ ಪುರಾತನವಾದುದೇ. ಅಣ್ಣಿಗೇರಿಯನ್ನು ರಾಜಧಾನಿಯಾಗಿ ಪಡೆದಿದ್ದ ಬೆಳ್ವೊಲ ಮುನ್ನೂರರ ಶಾಸನಗಳಲ್ಲಿ, ತಪೋಧನರ ಆಹಾರದಾನಕ್ಕೆಂದು ಬಿಟ್ಟ ಮತ್ತರುಗಳ ಲೆಕ್ಕದ ಭೂಮಿಯೂ, ನಂದಾದೀವಿಗೆಗೆಂದು ಗಾಣದ ಮೇಲೆ ನಿಗದಿಮಾಡಿದ ಸೊಲ್ಲಗೆ ಎಣ್ಣೆಯೂ ಮತ್ತೆ ಮತ್ತೆ ಕಾಣಬರುತ್ತವೆ. ದಾನಿಯು ಕೊಟ್ಟುದೆಷ್ಟೆಂಬುದು ಕಲ್ಲಿನಲ್ಲಿ ಉಳಿಯಿತು. ತಪೋಧನನು ಉಂಡುದೆಷ್ಟೆಂಬುದನ್ನು ಬರೆದಿಡುವ ಅಗತ್ಯವು ಯಾರಿಗೂ ತೋರಲಿಲ್ಲ. ಮುಂದೆ ಸೇರು, ಪಾಯಲಿ, ಕೊಳಗ, ಹೇರುಗಳ ಕಾಲದಲ್ಲಿಯೂ ನಡೆದುದು ಹೀಗೆಯೇ. ಸುಗ್ಗಿಯಲ್ಲಿ ರಾಶಿ ತೂರಿ, ಬಡಿಗ, ಕಂಬಾರ, ಕುಂಬಾರ ಮೊದಲಾದ ಆಯಗಾರರ ಪಾಲನ್ನು ಕಣದಲ್ಲಿಯೇ ಅಳೆದುಕೊಟ್ಟು, ಬೀಜಕ್ಕೆ ಬೇಕಾದುದನ್ನು ಬೇರೆ ತೆಗೆದಿರಿಸಿ, ಉಳಿದುದನ್ನು ಹಗೇವಿಗೆ ಇಳಿಸುತ್ತಿದ್ದರು. ಗಟ್ಟಿನೆಲದಲ್ಲಿ ಆಳವಾಗಿ ತೋಡಿ, ಒಳಗೆ ಹುಲ್ಲು ಹೊದಿಸಿ, ಬಾಯಿಯನ್ನು ಮಣ್ಣಿನಿಂದ ಮುಚ್ಚಿದ ಈ ಹಗೇವುಗಳಲ್ಲಿ ಜೋಳವು ವರ್ಷಗಟ್ಟಲೆ ಉಳಿಯುತ್ತಿತ್ತು. ತೆರೆದೊಡನೆ ಇಳಿಯದೆ ಒಳಗಿನ ಕೆಟ್ಟ ಗಾಳಿಯನ್ನು ಹೊರಹೋಗಗೊಡಬೇಕೆಂಬ ಎಚ್ಚರವು ಮನೆಯ ಮಕ್ಕಳಿಗೂ ಗೊತ್ತಿತ್ತು. ಆಹಾರಶಾಸ್ತ್ರಜ್ಞನ ದೃಷ್ಟಿಯಿಂದ ನೋಡಿದರೆ ಹಗೇವು ಒಂದು ಕುಟುಂಬದ ವಾರ್ಷಿಕ ಆಹಾರದ ಖಾತೆಯೇ ಸರಿ. ಎಷ್ಟು ಇಳಿಯಿತು, ಎಷ್ಟು ಏರಿತು ಎಂಬುದು ಅದರಿಂದ ತಿಳಿದೀತು. ಅಜ್ಜನಿಗೆಷ್ಟು, ಬಾಣಂತಿಗೆಷ್ಟು, ಮನೆಯಾಳಿಗೆಷ್ಟು ಎಂಬುದು ಮಾತ್ರ ಅಡಿಗೆಮನೆಯ ಹೊಸ್ತಿಲನ್ನು ದಾಟಿ ಹೊರಗೆ ಬರುತ್ತಿರಲಿಲ್ಲ.

ಒಬ್ಬ ಮನುಷ್ಯನ ಒಂದು ದಿನದ ಹೊಟ್ಟೆಗೆ ಎಷ್ಟು ಬೇಕೆಂಬ ಪ್ರಶ್ನೆಯು ಈ ಸೀಮೆಯಲ್ಲಿ ಸರಕಾರದ ಕಡತವನ್ನು ಹೊಕ್ಕುದು ಕರುಣೆಯ ಬಾಗಿಲಿನಿಂದಲ್ಲ, ಮಿತವ್ಯಯದ ಬಾಗಿಲಿನಿಂದ. 1876ರಲ್ಲಿ ಮಳೆ ಹೋಗಿ, ಮುಂಬಯಿ ಇಲಾಖೆಯ ದಕ್ಷಿಣದ ಜಿಲ್ಲೆಗಳಾದ ಧಾರವಾಡ, ಬೆಳಗಾವಿ, ಕಲಾದಗಿಗಳು ಘೋರ ಕ್ಷಾಮಕ್ಕೆ ತುತ್ತಾದಾಗ, ರಸ್ತೆ ಕೆರೆಗಳ ಪರಿಹಾರ ಕಾಮಗಾರಿಗಳಲ್ಲಿ ಜನರಿಗೆ ಕೂಲಿ ಕೊಡಬೇಕಾಯಿತು. ವೈಸರಾಯ್ ಲಿಟ್ಟನ್ನನ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ಲನು, ದಿನವಿಡೀ ಬಿಸಿಲಿನಲ್ಲಿ ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯವೂ ಅದರ ಮೇಲೆ ಚಿಲ್ಲರೆ ಕಾಸೂ ಸಾಕೆಂದು 1877ರ ಆರಂಭದಲ್ಲಿ ಗೊತ್ತುಪಡಿಸಿದನು. ಮದರಾಸು ಇಲಾಖೆಯ ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಶ್ ಎಂಬ ವೈದ್ಯನು ಇದನ್ನು ಬಲವಾಗಿ ವಿರೋಧಿಸಿ, ದುಡಿಯುವ ದೇಹಕ್ಕೆ ಕನಿಷ್ಠ ಒಂದೂವರೆ ಪೌಂಡು ಧಾನ್ಯವೂ, ಜೊತೆಗೆ ಬೇಳೆ ಕಾಯಿಪಲ್ಯಗಳೂ ಬೇಕೆಂದು ವಾದಿಸಿದನು. ಕಾಳಿನ ತೂಕವೊಂದೇ ಆಹಾರವಲ್ಲವೆಂಬ ಮಾತು ಆಡಳಿತದ ಕಿವಿಗೆ ಬಿದ್ದುದು ಈ ಜಗಳದಲ್ಲಿಯೇ. ಮುಂಬಯಿ ಇಲಾಖೆಯಲ್ಲಿ ಕೂಲಿಗಾರರು ಗುಂಪುಗುಂಪಾಗಿ ಕಾಮಗಾರಿಗಳನ್ನೇ ತೊರೆದು ಹೋದರು; ಪುಣೆಯ ಸಾರ್ವಜನಿಕ ಸಭೆಯು ಅವರ ಪರವಾಗಿ ಸರಕಾರಕ್ಕೆ ಬರೆಯಿತು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆಯು ಸುಮಾರು ಒಂದು ಲಕ್ಷದಷ್ಟು ಕುಗ್ಗಿದ್ದಿತು. ಟೆಂಪಲ್ಲನ ಪೌಂಡು ಸರಿಯೋ ಕಾರ್ನಿಶ್ಶನ ಒಂದೂವರೆ ಪೌಂಡು ಸರಿಯೋ ಎಂಬ ಚರ್ಚೆಯನ್ನು ಓದುವವರು ಈ ಅಂಕಿಯನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

1884ರಲ್ಲಿ ಪ್ರಕಟವಾದ ಧಾರವಾಡದ ಗ್ಯಾಸೆಟಿಯರು ಹಲವು ಜಾತಿಯವರ ನಿತ್ಯದ ಊಟವನ್ನೂ ಹಬ್ಬದ ಊಟವನ್ನೂ ವರ್ಣಿಸುತ್ತದೆ. ಅದು ಕಂಡುದು ಪದಾರ್ಥಗಳ ಪಟ್ಟಿಯನ್ನು, ತೂಕವನ್ನಲ್ಲ.

ತೂಕವು ಅಡಿಗೆಮನೆಯನ್ನು ಪ್ರವೇಶಿಸಿದುದು ನೀಲಗಿರಿಯ ಕೂನೂರಿನಿಂದ. ಅಲ್ಲಿ ರಾಬರ್ಟ್ ಮ್ಯಾಕರಿಸನ್ನನು 1918ರಲ್ಲಿ ಬೆರಿಬೆರಿ ರೋಗದ ಶೋಧಕ್ಕೆಂದು ಆರಂಭಿಸಿದ ಚಿಕ್ಕ ಪ್ರಯೋಗಶಾಲೆಯು ಬೆಳೆದು ದೇಶದ ಪೋಷಣ ಸಂಶೋಧನೆಯ ಕೇಂದ್ರವಾಯಿತು. 1935ರಲ್ಲಿ ಅವನ ಸ್ಥಾನಕ್ಕೆ ಬಂದ ಆಯ್ಕ್ರಾಯ್ಡನು ತಕ್ಕಡಿಯನ್ನು ಹಳ್ಳಿಯ ಮನೆಗಳಿಗೆ ಕಳುಹಿಸಿ ಬೇಯುವ ಮುನ್ನ ಕಾಳುಬೇಳೆಗಳನ್ನು ತೂಗಿಸಿದನಲ್ಲದೆ, ಭಾರತದ ಆಹಾರಪದಾರ್ಥಗಳ ಪೌಷ್ಟಿಕ ಮೌಲ್ಯದ ಕೋಷ್ಟಕವನ್ನು 1937ರಲ್ಲಿ ಹೊರತಂದನು. ಆ ಸಂಸ್ಥೆಯೇ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯೆನಿಸಿ, ಸಿ. ಗೋಪಾಲನ್ ಅವರ ನೇತೃತ್ವದಲ್ಲಿ ಕೋಷ್ಟಕವನ್ನು 1971ರಲ್ಲಿ ಹೊಸದಾಗಿ ಪ್ರಕಟಿಸಿತು. ಆ ಕೋಷ್ಟಕದ ಪ್ರಕಾರ ನೂರು ಗ್ರಾಂ ಜೋಳದಲ್ಲಿ 349 ಕಿಲೊಕ್ಯಾಲರಿ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 345; ಪ್ರೋಟೀನು ಜೋಳದಲ್ಲಿ 10.4 ಗ್ರಾಂ, ಅಕ್ಕಿಯಲ್ಲಿ 6.8. ರೊಟ್ಟಿ ಉಣ್ಣುವ ನವಲಗುಂದದವರು ಅನ್ನ ಉಣ್ಣುವ ಕಲಘಟಗಿಯ ಕಡೆಯವರನ್ನು ನೋಡಿ ಹೆಮ್ಮೆಪಡಲು ಇಷ್ಟು ಸಾಕಾಗಿದ್ದಿತು. ಆದರೆ ಅದೇ ಗೋಪಾಲನ್ ಮತ್ತು ಅವರ ಸಹೋದ್ಯೋಗಿ ಶ್ರೀಕಾಂತಿಯಾ ಅವರು, ದಖ್ಖನ್ನಿನಲ್ಲಿ ಜೋಳವನ್ನೇ ನೆಚ್ಚಿದ ಬಡವರಲ್ಲಿ ಚರ್ಮವನ್ನು ಕೆಡಿಸುವ ಪೆಲಾಗ್ರವೆಂಬ ಪೋಷಣದೋಷದ ರೋಗ ಕಾಣಿಸಿಕೊಳ್ಳುವುದನ್ನು ಗಮನಿಸಿ, ಜೋಳದ ಪ್ರೋಟೀನಿನಲ್ಲಿ ಅತಿಯಾಗಿರುವ ಲ್ಯೂಸಿನ್ ಎಂಬ ಅಂಶವೇ ಅದಕ್ಕೆ ಕಾರಣವಿರಬೇಕೆಂದು 1960ರಲ್ಲಿ ಸೂಚಿಸಿದ್ದರು. ಎಂದಮೇಲೆ, ರೊಟ್ಟಿಯ ಜೊತೆಗೆ ತಟ್ಟೆಯ ಅಂಚಿನಲ್ಲಿ ಏನಿತ್ತೆಂಬುದು ರೊಟ್ಟಿಗಳೆಷ್ಟೆಂಬುದರಷ್ಟೇ ಮುಖ್ಯವಾಯಿತು.

ಈ ತಟ್ಟೆಯ ಅಂಚನ್ನು ಅಳೆಯುವುದೇ ಕಷ್ಟ. ಗುರೆಳ್ಳಿನ ಹಿಂಡಿ, ಅಗಸಿ ಚಟ್ನಿ, ಮೇಲೆ ಬಿಟ್ಟುಕೊಂಡ ಹಸಿ ಎಣ್ಣೆ, ಹೊಲದಿಂದ ಬರುವಾಗ ಉಡಿಯಲ್ಲಿ ಕಿತ್ತುತಂದ ಹಕ್ಕರಿಕಿ, ಕಡ್ಲಿ ಪಲ್ಯ, ಗುದ್ದಿ ತಿಂದ ಉಳ್ಳಾಗಡ್ಡಿ, ಇವನ್ನು ಯಾವ ಹೆಂಗಸೂ ಅಳತೆ ಮಾಡಿ ಬಡಿಸುವುದಿಲ್ಲ. ಸುಗ್ಗಿಯಲ್ಲಿ ಹೊಲದ ಬದುವಿನಲ್ಲಿಯೇ ಸುಟ್ಟು ತಿನ್ನುವ ಎಳೆಜೋಳದ ಸೀತನಿಯೂ, ದಾರಿಯಲ್ಲಿ ಬಿಡಿಸಿ ತಿನ್ನುವ ಕಡಲೆಯ ಸುಲಗಾಯಿಯೂ ಒಲೆಯ ಮುಖವನ್ನೇ ಕಾಣವಾದುದರಿಂದ ತಕ್ಕಡಿಗೂ ಕಾಣವು. ರೊಟ್ಟಿಯೇ ಸರಳವೆಂದುಕೊಂಡರೆ ಅದೂ ಮೋಸ: ಒಂದೇ ಹಿಡಿ ಹಿಟ್ಟಿನಿಂದ ತಟ್ಟಿದ ಬಿಸಿರೊಟ್ಟಿಗೂ, ಒಣಗಿ ಕಟಕಾದ ರೊಟ್ಟಿಗೂ, ನೀರಿನಂಶದ ಭೇದದಿಂದಾಗಿ ತೂಕದಲ್ಲಿ ಬಹಳ ಅಂತರ, ಕೈಯಿಂದ ಕೈಗೆ ಅಗಲ, ದಪ್ಪ ಬೇರೆ. ಆದುದರಿಂದಲೇ ಸಮೀಕ್ಷಕರು ಬೆಂದ ರೊಟ್ಟಿಯನ್ನು ನಂಬದೆ, ಒಟ್ಟು ಹಿಟ್ಟೆಷ್ಟು, ಅದರಿಂದಾದ ರೊಟ್ಟಿಗಳೆಷ್ಟು, ನೀವು ಉಂಡುದೆಷ್ಟು ಎಂಬ ಮೂರು ಪ್ರಶ್ನೆಗಳಿಂದ ಹಸಿ ಹಿಟ್ಟಿನ ತೂಕಕ್ಕೆ ಹಿಂದಿರುಗುವ ಉಪಾಯವನ್ನು ಕಂಡುಕೊಂಡರು.

1972ರಲ್ಲಿ ಸ್ಥಾಪಿತವಾಗಿ 2015ರವರೆಗೆ ನಡೆದ ರಾಷ್ಟ್ರೀಯ ಪೋಷಣ ನಿಗಾ ಬ್ಯೂರೊ ಕರ್ನಾಟಕವನ್ನೂ ಒಳಗೊಂಡ ಹಲವು ರಾಜ್ಯಗಳ ಹಳ್ಳಿಗಳಲ್ಲಿ ಈ ಕ್ರಮವನ್ನು ಅನುಸರಿಸಿತು. ಅಳತೆಯ ಬಟ್ಟಲುಗಳ ಒಂದು ಸಾಲನ್ನು ಮುಂದಿಟ್ಟು, ಹಿಂದಿನ ಇಪ್ಪತ್ತನಾಲ್ಕು ತಾಸುಗಳಲ್ಲಿ ಯಾರಿಗೆ ಎಷ್ಟು ಬಡಿಸಿದಿರಿ ಎಂದು ಕೇಳುವುದು ಅದರ ಪದ್ಧತಿ. ಕುಟುಂಬಗಳನ್ನು ಹೋಲಿಸುವುದಕ್ಕೆ ಅದಕ್ಕೂ ಮೊದಲಿನಿಂದ ಬಂದ ಒಂದು ಗಣಿತವಿದ್ದಿತು: ಕುಳಿತು ದುಡಿಯುವ ಗಂಡಸು ಒಂದು ಘಟಕವಾದರೆ, ಹಾಗೆಯೇ ದುಡಿಯುವ ಹೆಂಗಸು 0.8, ಮೈಮುರಿದು ದುಡಿಯುವ ಗಂಡಸು 1.6, ಹೆಂಗಸು 1.2. ಹೀಗೆ ಮನೆಯ ಒಟ್ಟು ಆಹಾರವನ್ನು ಘಟಕಗಳಿಂದ ಭಾಗಿಸಿದರೆ ಸರಾಸರಿ ಸಿಕ್ಕುವುದು. ಈ ಗಣಿತದ ಹಿಂದೆ, ಮನೆಯ ಆಹಾರವು ಅವರವರ ಅಗತ್ಯಕ್ಕೆ ತಕ್ಕಂತೆ ಹಂಚಿಹೋಗುವುದೆಂಬ ಒಂದು ಭರವಸೆ ಅಡಗಿದೆ. ಗಂಡಸರೂ ಮಕ್ಕಳೂ ಉಂಡೆದ್ದ ಮೇಲೆ ಉಳಿದ ಪಲ್ಯದಲ್ಲಿ ಕಡೆಗೆ ರೊಟ್ಟಿ ಅದ್ದುವ ಸೊಸೆಯನ್ನು ಕಂಡವರು ಆ ಭರವಸೆಯನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಎಲ್ಲರ ಊಟದ ಲೆಕ್ಕವನ್ನು ಹೇಳುವವಳೂ ಅವಳೇ. ಪರರ ತಟ್ಟೆಯನ್ನು ರೊಟ್ಟಿಯೆಣಿಕೆಯಲ್ಲಿ ನೆನಪಿಟ್ಟವಳು ತನ್ನದಕ್ಕೆ ಬಂದಾಗ ‘ನಂದೇನ್ರಿ, ಉಳದದ್ದು’ ಎಂದುಬಿಟ್ಟರೆ ಸಮೀಕ್ಷಕಿಯು ಯಾವ ಬಟ್ಟಲನ್ನು ತೋರಿಸಬೇಕು? ಧಾರವಾಡದ ಗೃಹವಿಜ್ಞಾನ ಮಹಾವಿದ್ಯಾಲಯದ ವಿದ್ಯಾರ್ಥಿನಿಯರು ಪ್ರಬಂಧಗಳಿಗಾಗಿ ಸುತ್ತಲಿನ ಹಳ್ಳಿಗಳನ್ನು ತಿರುಗಿದಾಗ, ಈ ಪ್ರಶ್ನೆಯನ್ನು ಮನೆಯ ಭಾಷೆಯಲ್ಲಿಯೇ ಕೇಳಬಲ್ಲವರು ಅವರಾದುದು ಒಂದು ದೊಡ್ಡ ಅನುಕೂಲವೆಂದು ನಾನು ಭಾವಿಸುತ್ತೇನೆ.

ಅಷ್ಟರಲ್ಲಿ ತಟ್ಟೆಯೇ ಬದಲಾಗತೊಡಗಿತು. 1970ರ ದಶಕದಲ್ಲಿ ಮಲಪ್ರಭೆಯ ಕಾಲುವೆ ನವಲಗುಂದದ ಎರೆನೆಲಕ್ಕೆ ಬಂದಿತು. 2013ರಲ್ಲಿ ರಾಜ್ಯ ಸರಕಾರದ ಅನ್ನಭಾಗ್ಯ ಯೋಜನೆಯು ಪಡಿತರದ ಅಕ್ಕಿಯನ್ನು ರೊಟ್ಟಿಯ ಮನೆಗಳಿಗೂ ಧಾರಾಳವಾಗಿ ತಂದಿತು. ಕೇಳುವವರ ಉದ್ದೇಶವೂ ಬದಲಾಯಿತು. ಹಸಿವನ್ನು ಹುಡುಕುತ್ತಿದ್ದವರು ಈಗ ಮಧುಮೇಹ, ಹೃದ್ರೋಗಗಳ ಮೂಲವನ್ನು ಹುಡುಕುತ್ತಿದ್ದಾರೆ. ಅದಕ್ಕೆ ಲಕ್ಷಾಂತರ ಜನರು, ಹತ್ತಾರು ವರ್ಷಗಳು ಬೇಕು. ಅಷ್ಟು ಮನೆಗಳಿಗೆ ತಕ್ಕಡಿ ಹೊತ್ತೊಯ್ಯುವುದು ಅಸಾಧ್ಯ. ಬ್ರಿಟನ್ನಿನ ಯು.ಕೆ. ಬಯೋಬ್ಯಾಂಕ್ ಅಧ್ಯಯನದಲ್ಲಿ ಸೇರಿದ ಐದು ಲಕ್ಷ ಜನರ ಪೈಕಿ ಎರಡು ಲಕ್ಷಕ್ಕೂ ಮಿಕ್ಕಿದವರು, ಆಕ್ಸ್‌ಫರ್ಡಿನಲ್ಲಿ ಸಿದ್ಧವಾದ ಆನ್‌ಲೈನ್ ಪ್ರಶ್ನಾವಳಿಯೊಂದನ್ನು 2009ರಿಂದ 2012ರ ನಡುವೆ ಒಮ್ಮೆಯಾದರೂ ತುಂಬಿದರು. ಇನ್ನೂರಕ್ಕೂ ಹೆಚ್ಚು ಆಹಾರಗಳ ಪಟ್ಟಿ; ನಿನ್ನೆ ತಿಂದುದಕ್ಕೆ ಗುರುತು; ಕಾಲು ಗಂಟೆಯೊಳಗೆ ಕೆಲಸ ಮುಗಿಯುವುದು; ಪೋಷಕಾಂಶಗಳ ಲೆಕ್ಕವನ್ನು ಯಂತ್ರವೇ ಮಾಡಿಕೊಳ್ಳುವುದು. ಇಲ್ಲಿ ಉತ್ತರಿಸುವವನು ತನ್ನೊಬ್ಬನ ಊಟಕ್ಕೆ ಮಾತ್ರ ಹೊಣೆ. ಮನೆತನದ ಲೆಕ್ಕವು ಕೊನೆಗೂ ವ್ಯಕ್ತಿಯ ಲೆಕ್ಕವಾಯಿತು. ಆದರೆ ಪಟ್ಟಿಯಲ್ಲಿಲ್ಲದುದು ತಿಂದಂತೆಯೇ ಅಲ್ಲ. ಹಕ್ಕರಿಕಿಯನ್ನು ಕೇಳದ ಪಟ್ಟಿಗೆ ಕುಂದಗೋಳದಲ್ಲಿ ಹಕ್ಕರಿಕಿ ಸಿಕ್ಕುವುದಿಲ್ಲ.

ಈ ಕೊರತೆಯನ್ನು ನೀಗಲೆಂದೇ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಇಂಟೇಕ್24 ಎಂಬ ಗಣಕ ವಿಧಾನಕ್ಕೆ ದಕ್ಷಿಣ ಏಷ್ಯದ ಆಹಾರಗಳನ್ನು ಸೇರಿಸಿ ಹೊಸ ಆವೃತ್ತಿಯನ್ನು ರಚಿಸಿದರು. ಅದರಲ್ಲಿ ಬಟ್ಟಲಿನ ಬದಲು ಛಾಯಾಚಿತ್ರಗಳಿವೆ: ಇಷ್ಟು ಅನ್ನವೋ, ಅಷ್ಟು ಅನ್ನವೋ ಎಂದು ಚಿತ್ರವನ್ನು ಆರಿಸಬೇಕು. ಅದನ್ನು ದಕ್ಷಿಣ ಏಷ್ಯದಲ್ಲಿ ಜನರೇ ತುಂಬಲೆಂದು ಬಿಡದೆ, ತರಬೇತಿ ಪಡೆದ ಸಂದರ್ಶಕರು ಎದುರಿಗೆ ಕುಳಿತು ಕೇಳಿ ತುಂಬುವ ಏರ್ಪಾಟಾದುದು ಗಮನಾರ್ಹ. ಮರೆತುಹೋದುದನ್ನು ಹೊರಡಿಸಲು, ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಇನ್ನೊಮ್ಮೆ ಕೆದಕಿ ಕೇಳುವ ಹಂತವು ಇಂಥ ವಿಚಾರಣೆಗಳಲ್ಲೆಲ್ಲ ಇರುವುದು. ಧಾರವಾಡದ ಹಳ್ಳಿಯಲ್ಲಿ ಸಂದರ್ಶಕಿಯೊಬ್ಬಳು ‘ಬ್ಯಾರೆ ಏನಾರ ತಿಂದ್ರೇನ್ರಿ?’ ಎಂದು ಆ ಹಂತದಲ್ಲಿ ಕೇಳಿದಳೆನ್ನಿ; ಮೊದಲು ‘ಏನಿಲ್ರಿ’ ಎಂಬ ಉತ್ತರ ಬರುವುದು, ಬಳಿಕ ನೆನಪು ಚಹಾದಿಂದ ಆರಂಭವಾಗಿ, ಅದಕ್ಕೆ ಹಾಕಿದ ಸಕ್ಕರೆ, ಅದರೊಡನೆ ಬಾಯಿಗೆಸೆದ ಚುರುಮುರಿ, ಮಧ್ಯಾಹ್ನ ಹೊಲದಲ್ಲಿ ತಿಂದ ಒಂದು ಮುಷ್ಟಿ ಶೇಂಗಾ, ಬೆಲ್ಲದ ಚೂರು, ಹೀಗೆ ಒಂದೊಂದಾಗಿ ಹೊರಬೀಳುವುವು; ಸಂದರ್ಶಕಿಯು ಪ್ರತಿಯೊಂದಕ್ಕೂ ಮತ್ತೆ ಚಿತ್ರಗಳ ಪುಟವನ್ನು ತೆರೆಯಬೇಕಾಗುವುದು.