ಮೈಸೂರಿನ ಗರಡಿ ಮತ್ತು ದೇಹದ ಶಕ್ತಿ

ಸುವರ್ಣ ಮಹೋತ್ಸವದ ಸಂಚಿಕೆಗೆ ಶಾಲೆಯ ಆಟೋಟಗಳ ಬಗ್ಗೆ ಬರೆಯಿರಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಗೆದ್ದ ಕಪ್ಪುಗಳ ಪಟ್ಟಿ ಕಚೇರಿಯ ಗೋಡೆಯ ಮೇಲೇ ಇದೆ. ದೈಹಿಕ ಶಿಕ್ಷಣ ಶಿಕ್ಷಕನಾಗಿ ಈ ಮೈದಾನದಲ್ಲಿ ಬಹುಕಾಲ ಸೀಟಿ ಊದಿದ ನನಗೆ ಹೇಳಬೇಕೆನಿಸುವುದು ಬೇರೆ. ಮೈಗೆ ಕಸುವು ಎಲ್ಲಿಂದ ಬರುತ್ತದೆ ಎಂಬ ವಿಷಯವನ್ನು ನಮ್ಮ ಊರು ಹೇಗೆ ತಿಳಿದುಕೊಂಡಿತು ಎಂಬುದು.

ಇದರ ಮೊದಲ ಪಾಠಶಾಲೆ ಗರಡಿ ಮನೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. ಕುಸ್ತಿಯೂ ಜಟ್ಟಿಗಳ ವಜ್ರಮುಷ್ಟಿ ಕಾಳಗವೂ ಆ ಹಬ್ಬದ ಅಂಗವಾಗಿ ಬೆಳೆದುಬಂದವು. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಸ್ವತಃ ಜಟ್ಟಿಯೆಂದು ಹೆಸರಾದವರು. ಹಳೆಯ ಕೇರಿಗಳ ಗರಡಿಗಳಲ್ಲಿ ಕೆಮ್ಮಣ್ಣಿನ ಅಖಾಡ, ಗದೆ, ಭಾರದ ಕಲ್ಲು, ಆಂಜನೇಯನ ಪಟ ಇವಿಷ್ಟೇ ಉಪಕರಣ. ಬೆಳಗಿನ ಜಾವ ದಂಡ, ಬಸ್ಕಿ. ಸಾಮು ಮುಗಿದ ಮೇಲೆ ಹಾಲು, ಬಾದಾಮಿ. ಹೊಟ್ಟೆ ತುಂಬ ತಿಂದು ಮಣ್ಣಿಗಿಳಿಯಬೇಡ ಎಂಬುದು ಉಸ್ತಾದರ ಕಟ್ಟಳೆ.

ಉಸ್ತಾದರ ಇನ್ನೊಂದು ಮಾತೆಂದರೆ ‘ಮೊದಲ ಪಟ್ಟಿಗೇ ದಮ್ಮು ಕಳೆದುಕೊಳ್ಳಬೇಡ’. ಅದರ ಕಾರಣವನ್ನು ವಿಜ್ಞಾನ ಬಹಳ ತಡವಾಗಿ ಹೇಳಿತು. ಸ್ನಾಯು ಎಟಿಪಿ ಎಂಬ ವಸ್ತುವನ್ನು ಒಡೆದು ಕೆಲಸ ಮಾಡುತ್ತದೆ. ಇದನ್ನು 1929ರಲ್ಲಿ ಕಾರ್ಲ್ ಲೋಮನ್ ಕಂಡುಹಿಡಿದರು. ಎದುರಾಳಿಯನ್ನು ಎತ್ತಿ ಒಗೆಯುವಾಗ ಬೇಕಾಗುವ ಎಟಿಪಿಯನ್ನು ಸ್ನಾಯುವಿನಲ್ಲೇ ಇರುವ ಕ್ರಿಯಾಟಿನ್ ಫಾಸ್ಫೇಟ್ ತುಂಬಿಕೊಡುತ್ತದೆ. ಆದರೆ ಪೂರ್ತಿ ಬಲ ಹಾಕಿದರೆ ಆ ದಾಸ್ತಾನು ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಬರಿದಾಗುತ್ತದೆ. ಆಮೇಲೆ ಒಂದೆರಡು ನಿಮಿಷ, ಆಮ್ಲಜನಕ ಸಾಲದಿದ್ದರೂ ಸಕ್ಕರೆಯನ್ನು ಒಡೆಯುವ ದಾರಿಯೇ ಮುಖ್ಯ; ಆಗ ಲ್ಯಾಕ್ಟೇಟ್ ಹೆಚ್ಚುತ್ತದೆ. ಅದಕ್ಕೂ ಮುಂದಕ್ಕೆ ಉಸಿರಾಟವೇ ಗತಿ. ಸ್ನಾಯುವಿನ ಈ ಲೆಕ್ಕಾಚಾರಕ್ಕಾಗಿ 1922ರ ನೊಬೆಲ್ ಪಡೆದ ಎ.ವಿ. ಹಿಲ್ 1943–44ರಲ್ಲಿ ಭಾರತಕ್ಕೂ ಬಂದು, ಇಲ್ಲಿನ ಸಂಶೋಧನೆ ಹೇಗಿರಬೇಕೆಂದು ಸರ್ಕಾರಕ್ಕೆ ವರದಿ ಕೊಟ್ಟಿದ್ದರು. ಅಂದಹಾಗೆ, ಮರುದಿನದ ಮೈಕೈ ನೋವಿಗೆ ಲ್ಯಾಕ್ಟೇಟ್ ಕಾರಣವಲ್ಲ. ಸ್ನಾಯು ತಂತುಗಳಿಗಾಗುವ ಸಣ್ಣ ಪೆಟ್ಟು ಕಾರಣ. ಲ್ಯಾಕ್ಟೇಟನ್ನು ಹೃದಯವೇ ಉರುವಲಾಗಿ ಬಳಸಿಕೊಳ್ಳುತ್ತದೆ.

ನಮ್ಮ ಮಕ್ಕಳಿಗೆ ನಾನು ಚಾಮುಂಡಿ ಬೆಟ್ಟದ ಲೆಕ್ಕ ಕೊಡುತ್ತಿದ್ದೆ. ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲನ್ನು 60 ಕಿಲೋ ತೂಕದವನು ಹತ್ತಿ ಸುಮಾರು 300 ಮೀಟರ್ ಮೇಲೇರಿದರೆ ಮಾಡುವ ಕೆಲಸ 42 ಕಿಲೋಕ್ಯಾಲೊರಿ ಮಾತ್ರ. ಆದರೆ ದೇಹ ಸುಡುವ ಆಹಾರದಲ್ಲಿ ಕಾಲು ಭಾಗವಷ್ಟೇ ಕೆಲಸವಾಗುತ್ತದೆ, ಉಳಿದದ್ದು ಬಿಸಿ. ಹಾಗಾಗಿ ಖರ್ಚು ಸುಮಾರು 170. ನಂದಿಯ ಬಳಿ ಬೆವರೊರೆಸಿಕೊಳ್ಳುವುದು ಆ ಮುಕ್ಕಾಲು ಪಾಲಿನ ಸಲುವಾಗಿ. ಈ ಲೆಕ್ಕ ಗಣಿತದ ಮೇಷ್ಟ್ರಿಗಿಂತ ಹುಡುಗರಿಗೇ ಹೆಚ್ಚು ಹಿಡಿಸಿತ್ತು.

1950ರಲ್ಲಿ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಸಿಎಫ್‌ಟಿಆರ್‌ಐ, 1961ರಲ್ಲಿ ಸೈನಿಕರ ಊಟಕ್ಕಾಗಿ ರಕ್ಷಣಾ ಆಹಾರ ಪ್ರಯೋಗಾಲಯ ಬಂದವು. ಶಕ್ತಿ ಆಹಾರ ತಯಾರಿಸುವ ವಿಜ್ಞಾನಿಗಳು ಇದೇ ಊರಿನಲ್ಲಿದ್ದರು; ಬೆಳಗ್ಗೆ ಬರೀ ಕಾಫಿ ಕುಡಿದು ಬರುವ ನಮ್ಮ ಮಕ್ಕಳೂ ಇದೇ ಊರಿನಲ್ಲಿದ್ದರು. ರಾತ್ರಿಯ ಉಪವಾಸದಲ್ಲಿ ಯಕೃತ್ತಿನ ಗ್ಲೈಕೋಜನ್ ಬಹುಪಾಲು ಕರಗಿರುತ್ತದೆ. ಅಂಥ ಮಗುವನ್ನು ಎರಡು ಸುತ್ತು ಓಡಿಸಿದರೆ ತಲೆ ಸುತ್ತದೆ ಇರುತ್ತದೆಯೇ? ಅವರನ್ನು ಸೋಮಾರಿಗಳೆಂದು ಬೈದವರನ್ನು ಕಂಡಿದ್ದೇನೆ. ಓಟದ ಆಯ್ಕೆಯಲ್ಲಿ ಮೊದಲು ಹಿಂದೆ ಬೀಳುತ್ತಿದ್ದವರು ಅವರೇ, ಅದರಲ್ಲೂ ಹೆಣ್ಣುಮಕ್ಕಳು.

ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಮುಂದೆ ನಮ್ಮ ಕಡೆಗೂ, ಪ್ರೌಢಶಾಲೆಗೂ ಬಂತು. 2013ರಲ್ಲಿ ಕ್ಷೀರಭಾಗ್ಯದ ಹಾಲು. ನನ್ನ ಮಟ್ಟಿಗೆ ಶಾಲೆಯ ಕ್ರೀಡಾ ಚರಿತ್ರೆಯಲ್ಲಿ ಯಾವ ಕಪ್ಪಿಗಿಂತಲೂ ದೊಡ್ಡದು ಅಡುಗೆ ಕೋಣೆ. ಅದು ಬಂದ ಮೇಲೆ ಓಟದ ಅಭ್ಯಾಸವನ್ನು ಪ್ರಾರ್ಥನೆಗೆ ಮುಂಚಿನ ಹೊತ್ತಿನಿಂದ ಸಂಜೆ ನಾಲ್ಕಕ್ಕೆ ಬದಲಾಯಿಸಿದೆವು. ಮಧ್ಯಾಹ್ನದ ಅನ್ನ ಸಾರು ಅಷ್ಟರಲ್ಲಿ ಜೀರ್ಣವಾಗಿ ಕಾಲಿಗಿಳಿದಿರುತ್ತಿತ್ತು. ಎಂಟುನೂರು ಮೀಟರ್ ಓಟಕ್ಕೆ ಹೆಸರು ಕೊಡುವ ಹುಡುಗಿಯರು ಆ ವರ್ಷದಿಂದಲೇ ಹೆಚ್ಚಾದರು.